ಸಣ್ಣ ತಂತ್ರಾಂಶ ಘಟಕಗಳಲ್ಲಿ ಹಲವು ಎಐ ಸಹಾಯಕಗಳ ನಿರ್ವಹಣೆ: ಅರ್ಜಿದಾರರ ತಿಳುವಳಿಕೆಗಾಗಿ

ತಂತ್ರಾಂಶ ಸೇವೆಯ ಸಣ್ಣ ಘಟಕಗಳನ್ನು ಆರಂಭಿಸಲು ನೋಂದಣಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಅವಗಾಹನೆಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ಇಬ್ಬರು ಮೂವರು ಸೇರಿ ನಡೆಸುವ ಘಟಕಗಳೂ ಏಕಕಾಲಕ್ಕೆ ನಾಲ್ಕೈದು ಗ್ರಾಹಕರ ಕೆಲಸವನ್ನು ವಹಿಸಿಕೊಳ್ಳುತ್ತಿದ್ದು, ಕೋಡ್ ಬರೆಯಲು ಒಂದಕ್ಕಿಂತ ಹೆಚ್ಚು ಕೃತಕ ಬುದ್ಧಿಮತ್ತೆಯ ಸಹಾಯಕಗಳನ್ನು ಬಳಸುತ್ತಿವೆ. ಅಂತಹ ಘಟಕಗಳು ಯಾವ ವ್ಯವಸ್ಥೆಯನ್ನು ಮಾಡಿಕೊಳ್ಳುವುದು ಸೂಕ್ತ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದು ಆದೇಶವಲ್ಲ, ನೋಂದಣಿಯ ಷರತ್ತೂ ಅಲ್ಲ.

ಎಐ ಸಹಾಯಕ ಎಂದರೇನು?

ಸರ್ಕಾರಿ ಕಚೇರಿಗಳಲ್ಲಿ ಸಹಾಯಕ ಎಂಬುದು ಒಂದು ಹುದ್ದೆಯ ಹೆಸರು. ಇಲ್ಲಿ ಆ ಪದವನ್ನು ಒಂದು ತಂತ್ರಾಂಶಕ್ಕೆ ಬಳಸಲಾಗಿದೆ. ಏನು ಬೇಕೆಂದು ಸಾಮಾನ್ಯ ಭಾಷೆಯಲ್ಲಿ ತಿಳಿಸಿದರೆ ಅದು ಕೋಡ್ ಬರೆದುಕೊಡುತ್ತದೆ. ಗಿಟ್‌ಹಬ್ ಸಂಸ್ಥೆಯ ಕೋಪೈಲಟ್ 2021ರಲ್ಲಿ ಪ್ರಾಯೋಗಿಕವಾಗಿಯೂ 2022ರಲ್ಲಿ ಸಾರ್ವಜನಿಕವಾಗಿಯೂ ಲಭ್ಯವಾಯಿತು. ಆರಂಭದಲ್ಲಿ ಅದು ಬರೆಯುತ್ತಿರುವ ಕೋಡನ್ನು ಪೂರ್ಣಗೊಳಿಸುವುದಕ್ಕೆ ಸೀಮಿತವಾಗಿತ್ತು. 2025ರಲ್ಲಿ ಬಳಕೆಗೆ ಬಂದ ಆಂಥ್ರಾಪಿಕ್‌ನ ಕ್ಲಾಡ್ ಕೋಡ್, ಓಪನ್‌ಎಐನ ಕೋಡೆಕ್ಸ್, ಗೂಗಲ್‌ನ ಜೂಲ್ಸ್ ಮೊದಲಾದವು ಒಂದು ಕೆಲಸವನ್ನು ಒಪ್ಪಿಸಿದರೆ ಸಂಬಂಧಪಟ್ಟ ಕಡತಗಳನ್ನು ತಾವೇ ಓದಿ, ತಿದ್ದಿ, ಪರೀಕ್ಷೆ ನಡೆಸಿ, ಆದ ಬದಲಾವಣೆಯನ್ನು ಒಪ್ಪಿಗೆಗಾಗಿ ಮಂಡಿಸಬಲ್ಲವು. ಒಂದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದಕ್ಕೆ ಬೇರೆ ಕೆಲಸ ವಹಿಸಲು ಸಾಧ್ಯವಾದುದರಿಂದ, ನಿರ್ವಹಣೆಯ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ.

ಹೊಸಕೆರೆಹಳ್ಳಿಯ ಘಟಕ: ಒಂದು ಉದಾಹರಣೆ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಗೆ ಸೇರಿದ ಗ್ರಾಮವಾಗಿದ್ದ ಹೊಸಕೆರೆಹಳ್ಳಿಯು ಬನಶಂಕರಿ 3ನೇ ಹಂತದೊಂದಿಗೆ ಬೆರೆತು ನಗರವಾಗಿ ಬೆಳೆದಿದೆ. ಹತ್ತಿರದ ಹೊರವರ್ತುಲ ರಸ್ತೆಯಲ್ಲಿ ಪಿಇಎಸ್ ವಿಶ್ವವಿದ್ಯಾಲಯವಿದೆ. ಇಂತಹ ಬಡಾವಣೆಯಲ್ಲಿ ಮನೆಯೊಂದರ ಮೊದಲ ಮಹಡಿಯನ್ನು ಬಾಡಿಗೆಗೆ ಪಡೆದು ಇಬ್ಬರು ಪಾಲುದಾರರು ತಂತ್ರಾಂಶ ಘಟಕ ನಡೆಸುತ್ತಿದ್ದಾರೆಂದು ಭಾವಿಸೋಣ. ಅವರ ಕೈಯಲ್ಲಿ ನಾಲ್ಕು ಕೆಲಸಗಳಿವೆ: ಖಾಸಗಿ ಶಾಲೆಯ ಶುಲ್ಕ ವಸೂಲಿ, ದಂತ ಚಿಕಿತ್ಸಾಲಯದ ಟೋಕನ್ ವ್ಯವಸ್ಥೆ, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ಬಿಲ್ಲು ಹಾಗೂ ದಿನಸಿ ಸಗಟು ವ್ಯಾಪಾರಿಯ ದಾಸ್ತಾನು ಮತ್ತು ಮಾರಾಟದ ಲೆಕ್ಕ. ನಾಲ್ಕಕ್ಕೂ ಒಂದೊಂದು ಎಐ ಸಹಾಯಕವನ್ನು ನಿಯೋಜಿಸಲಾಗಿದೆ.

ರಸೀತಿ ಮುದ್ರಿಸುವ ಕೋಡ್ ನಾಲ್ಕೂ ಯೋಜನೆಗಳಿಗೆ ಒಂದೇ. ಅದನ್ನು ನಾಲ್ಕು ಸಲ ಬರೆಯುವುದು ವ್ಯರ್ಥವಾದುದರಿಂದ ಪಾಲುದಾರರು ಹಾಗೆ ಮಾಡಿಕೊಂಡಿರುವುದು ಸರಿಯಾಗಿಯೇ ಇದೆ. ಒಂದು ದಿನ ಚಿಕಿತ್ಸಾಲಯದವರು ಟೋಕನ್ ಸಂಖ್ಯೆಯು ಪ್ರತಿದಿನ ಬೆಳಿಗ್ಗೆ 1ರಿಂದ ಆರಂಭವಾಗಬೇಕೆಂದು ಕೋರುತ್ತಾರೆ. ಆ ಯೋಜನೆಯ ಸಹಾಯಕವು ಕೆಲವೇ ನಿಮಿಷಗಳಲ್ಲಿ ಆ ಬದಲಾವಣೆಯನ್ನು ಮಾಡುತ್ತದೆ. ಆದರೆ ಅದನ್ನು ಎಲ್ಲರಿಗೂ ಸಾಮಾನ್ಯವಾದ ರಸೀತಿ ಕೋಡ್‌ನಲ್ಲಿ ಮಾಡುತ್ತದೆ. ಪರೀಕ್ಷೆಗಳೆಲ್ಲವೂ ಉತ್ತೀರ್ಣವಾಗುತ್ತವೆ, ಏಕೆಂದರೆ ಅವು ಒಂದೇ ದಿನದ ರಸೀತಿಗಳನ್ನು ಪರಿಶೀಲಿಸುವಂತಹವು. ಮರುದಿನದಿಂದ ದಿನಸಿ ವ್ಯಾಪಾರಿಯ ಬಿಲ್ಲುಗಳೂ ನಿತ್ಯ 1ರಿಂದ ಆರಂಭವಾಗುತ್ತವೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 46ನೇ ನಿಯಮದಂತೆ ತೆರಿಗೆ ಬಿಲ್ಲಿನ ಸಂಖ್ಯೆಯು ಅನುಕ್ರಮವಾಗಿದ್ದು, 16 ಅಕ್ಷರಾಂಕಿಗಳನ್ನು ಮೀರದೆ, ಆ ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗದಂತೆ ಇರತಕ್ಕದ್ದು. ವ್ಯಾಪಾರಿಗೆ ಈ ದೋಷ ತಿಳಿಯುವುದು ಮುಂದಿನ ತಿಂಗಳು ಲೆಕ್ಕಪತ್ರ ಸಲ್ಲಿಸುವಾಗ. ಅಷ್ಟರಲ್ಲಿ ಆ ಬಿಲ್ಲುಗಳು ಅವರಿಂದ ಖರೀದಿಸಿದ ಅಂಗಡಿಗಳವರ ಲೆಕ್ಕವನ್ನೂ ಸೇರಿರುತ್ತವೆ.

ಇಲ್ಲಿ ಸಹಾಯಕವು ಕೇಳಿದ್ದನ್ನೇ ಮಾಡಿದೆ. ಆ ಕೋಡನ್ನು ಬೇರೆ ಯಾರು ಅವಲಂಬಿಸಿದ್ದಾರೆ ಎಂಬ ಮಾಹಿತಿ ಅದರ ಮುಂದೆ ಇರಲಿಲ್ಲ. ಆ ಮಾಹಿತಿ ಇದ್ದುದು ಪಾಲುದಾರರಿಬ್ಬರಲ್ಲಿ ಮಾತ್ರ. ಅವರಾದರೋ ಆ ಹೊತ್ತಿಗೆ ಉಳಿದ ಮೂರು ಸಹಾಯಕಗಳ ಕೆಲಸವನ್ನು ನೋಡುತ್ತಿದ್ದರು.

ಎಷ್ಟು ಸಹಾಯಕಗಳನ್ನು ಏಕಕಾಲಕ್ಕೆ ಬಳಸಬಹುದು?

ಈ ಪ್ರಶ್ನೆಗೆ ಉತ್ತರವನ್ನು ಸಹಾಯಕಗಳು ಎಷ್ಟು ಬರೆಯಬಲ್ಲವು ಎಂಬುದರಿಂದ ನಿರ್ಧರಿಸಲಾಗದು. ಬರೆದುದನ್ನು ಘಟಕದವರು ಎಷ್ಟು ಓದಿ ಒಪ್ಪಬಲ್ಲರು ಎಂಬುದರಿಂದ ನಿರ್ಧರಿಸಬೇಕಾಗುತ್ತದೆ. ಎಐ ಸಹಾಯಕಗಳು ಬರುವ ಬಹಳ ಮೊದಲೇ, 2006ರ ಸುಮಾರಿಗೆ, ಸ್ಮಾರ್ಟ್‌ಬೇರ್ ಸಂಸ್ಥೆಯು ಸಿಸ್ಕೊ ಕಂಪನಿಯಲ್ಲಿ ನಡೆಸಿದ ಕೋಡ್ ಪರಿಶೀಲನಾ ಅಧ್ಯಯನವು ಒಂದು ಬಾರಿಗೆ 200ರಿಂದ 400 ಸಾಲುಗಳಿಗಿಂತ ಹೆಚ್ಚು ಓದಿದರೆ ದೋಷಗಳು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆಂದೂ, ಸುಮಾರು 60ರಿಂದ 90 ನಿಮಿಷಗಳ ನಂತರ ಗಮನ ಕುಗ್ಗುತ್ತದೆಂದೂ ತೋರಿಸಿತ್ತು.

ಈ ಪ್ರಮಾಣವನ್ನು ಮೇಲಿನ ಘಟಕಕ್ಕೆ ಅನ್ವಯಿಸಿ ನೋಡಬಹುದು. ಗ್ರಾಹಕರ ಕರೆ, ಬಿಲ್ಲು, ಓಡಾಟಗಳ ನಡುವೆ ಒಬ್ಬ ಪಾಲುದಾರರು ದಿನಕ್ಕೆ ಎರಡು ಬಾರಿ ಏಕಾಗ್ರತೆಯಿಂದ ಕುಳಿತು ಓದಿದರೆ 800 ಸಾಲು. ಇಬ್ಬರು ಸೇರಿ 1,600 ಸಾಲು. ನಾಲ್ಕು ಸಹಾಯಕಗಳು ತಲಾ 1,000 ಸಾಲು ಬರೆದರೆ ದಿನಕ್ಕೆ 4,000 ಸಾಲು. ಅಂದರೆ ಪ್ರತಿದಿನವೂ 2,400 ಸಾಲು ಬಾಕಿ ಉಳಿಯುತ್ತದೆ. ವಾರದ ಐದು ದಿನಗಳಲ್ಲಿ ಅದು 12,000 ಸಾಲಾಗುತ್ತದೆ. ಕಡತಗಳ ಬಾಕಿಯನ್ನು ಕಂಡವರಿಗೆ ಮುಂದೇನಾಗುವುದೆಂದು ಹೇಳಬೇಕಾಗಿಲ್ಲ. ಶನಿವಾರ ಸಂಜೆ ಎಲ್ಲವನ್ನೂ ಓದದೆಯೇ ಒಪ್ಪಲಾಗುತ್ತದೆ. ಇದೇ ಲೆಕ್ಕದಂತೆ ಆ ಘಟಕಕ್ಕೆ ಏಕಕಾಲಕ್ಕೆ ಎರಡು ಸಹಾಯಕಗಳು ಸಾಕು. ಅವುಗಳಿಗೂ ಸಣ್ಣ ಸಣ್ಣ ಕೆಲಸಗಳನ್ನೇ ಒಪ್ಪಿಸುವುದು ಲೇಸು.

ಕೆಲಸ ಬೇಗ ಆಗುತ್ತಿದೆ ಎಂಬ ಭಾವನೆಯನ್ನೂ ಅಳೆದು ನೋಡುವುದು ಅವಶ್ಯಕ. ಮೆಟರ್ ಎಂಬ ಸಂಶೋಧನಾ ಸಂಸ್ಥೆಯು 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮದೇ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ನುರಿತ 16 ತಂತ್ರಜ್ಞರು 246 ಕೆಲಸಗಳನ್ನು ಮಾಡಿದರು. ಎಐ ಬಳಸಿದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ನಂತರವೂ ಅವರು ತಮಗೆ ಶೇ. 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು. ಅದು 2025ರ ಆರಂಭದ ಸಾಧನಗಳ ಮಾತು, ಹಾಗೂ ತಮ್ಮ ಕೋಡನ್ನು ಚೆನ್ನಾಗಿ ಬಲ್ಲವರ ಮಾತು. ಎಲ್ಲ ಘಟಕಗಳಿಗೂ ಅದೇ ಪ್ರಮಾಣ ಅನ್ವಯಿಸುತ್ತದೆಂದು ತಿಳಿಯಬೇಕಾಗಿಲ್ಲ. ಆದಾಗ್ಯೂ ಕೆಲಸ ಒಪ್ಪಿಸಿದ ವೇಳೆ ಮತ್ತು ಗ್ರಾಹಕರಿಗೆ ತಲುಪಿದ ವೇಳೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ಖರ್ಚೇನೂ ಇಲ್ಲ.

ಪ್ರತ್ಯೇಕ ಜಾಗ, ಪ್ರತ್ಯೇಕ ಕೀಲಿ

ಎರಡು ಸಹಾಯಕಗಳು ಒಂದೇ ಫೋಲ್ಡರ್‌ನಲ್ಲಿ ಕೆಲಸ ಮಾಡಿದರೆ ಒಂದರ ತಿದ್ದುಪಡಿಯನ್ನು ಇನ್ನೊಂದು ಅಳಿಸುವ ಸಂಭವವಿರುತ್ತದೆ. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ರಚಿಸಿದ ಗಿಟ್ ತಂತ್ರಾಂಶವು ಕೋಡ್‌ನ ಪ್ರತಿ ಬದಲಾವಣೆಯ ದಾಖಲೆಯನ್ನು ಇಡುತ್ತದೆ. ಅದರಲ್ಲಿ 2015ರಿಂದ ವರ್ಕ್‌ಟ್ರೀ ಎಂಬ ಸೌಲಭ್ಯವಿದ್ದು, ಒಂದೇ ಕೋಡ್ ಭಂಡಾರಕ್ಕೆ ಹಲವು ಪ್ರತ್ಯೇಕ ಫೋಲ್ಡರ್‌ಗಳನ್ನು ತೆರೆಯಬಹುದಾಗಿದೆ. ಪ್ರತಿ ಸಹಾಯಕಕ್ಕೂ ಒಂದೊಂದು ಫೋಲ್ಡರ್ ಮತ್ತು ಒಂದೊಂದು ಬ್ರ್ಯಾಂಚ್ ನೀಡಿ, ಮುಖ್ಯ ಬ್ರ್ಯಾಂಚಿಗೆ ಸೇರಿಸುವ ಅಧಿಕಾರವನ್ನು ಪಾಲುದಾರರಲ್ಲಿಯೇ ಉಳಿಸಿಕೊಳ್ಳತಕ್ಕದ್ದು.

ಹೊಸದಾಗಿ ಕೆಲಸ ಆರಂಭಿಸಿದಾಗಲೆಲ್ಲ ಸಹಾಯಕಗಳಿಗೆ ಹಿಂದಿನ ದಿನದ ಮಾತುಕತೆ ನೆನಪಿರುತ್ತದೆಂದು ನಂಬಿಕೊಳ್ಳುವಂತಿಲ್ಲ. ಆದುದರಿಂದ ಯೋಜನೆಯ ನಿಯಮಗಳನ್ನು ಒಂದು ಸೂಚನಾ ಕಡತದಲ್ಲಿ ಬರೆದು ಅದೇ ಫೋಲ್ಡರ್‌ನಲ್ಲಿ ಇಡುವ ಪದ್ಧತಿ ಬೆಳೆದಿದೆ. ಹಲವು ಸಹಾಯಕಗಳು ಏಜೆಂಟ್ಸ್ ಎಂಬ ಹೆಸರಿನ ಕಡತವನ್ನು ಓದುತ್ತವೆ. ಕ್ಲಾಡ್ ಕೋಡ್ ತನ್ನದೇ ಹೆಸರಿನ ಕಡತವನ್ನು ಓದುತ್ತದೆ. ಬೇರೆ ಬೇರೆ ಕಂಪನಿಗಳ ಸಹಾಯಕಗಳನ್ನು ಬಳಸುವವರು ಎರಡೂ ಕಡತಗಳಲ್ಲಿ ಒಂದೇ ವಿಷಯವಿರುವಂತೆ ನೋಡಿಕೊಳ್ಳಬೇಕು. ರಸೀತಿ ಕೋಡನ್ನು ನಾಲ್ಕು ಯೋಜನೆಗಳು ಅವಲಂಬಿಸಿವೆ, ಕೇಳದೆ ತಿದ್ದಬಾರದು ಎಂಬ ಒಂದು ಸಾಲು ಆ ಕಡತದಲ್ಲಿದ್ದಿದ್ದರೆ ದಿನಸಿ ವ್ಯಾಪಾರಿಯ ತೊಂದರೆ ಬಹುಶಃ ತಪ್ಪುತ್ತಿತ್ತು.

ಬಹುಶಃ ಎಂದು ಹೇಳಲು ಕಾರಣವಿದೆ. ಬರೆದಿಟ್ಟ ಸೂಚನೆಯು ಬೀಗವಲ್ಲ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಎಂಬ ವೇದಿಕೆಯಲ್ಲಿ ತಂತ್ರಾಂಶ ಸಿದ್ಧಪಡಿಸುತ್ತಿದ್ದಾಗ, ಯಾವ ಬದಲಾವಣೆಯನ್ನೂ ಮಾಡಬಾರದೆಂದು ಸೂಚಿಸಿದ್ದರೂ ಅಲ್ಲಿನ ಎಐ ಸಹಾಯಕವು ಚಾಲ್ತಿಯಲ್ಲಿದ್ದ ದತ್ತಾಂಶ ಕೋಶವನ್ನೇ ಅಳಿಸಿತು. ಅಳಿಸಿದ್ದನ್ನು ಮರಳಿ ಪಡೆಯಲಾಗದೆಂದೂ ಅದು ತಿಳಿಸಿತು. ಅದು ಸಹ ತಪ್ಪಾಗಿದ್ದು, ದತ್ತಾಂಶವನ್ನು ಮರಳಿ ಪಡೆಯಲಾಯಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೋರಿ, ಪ್ರಯೋಗದ ಮತ್ತು ಚಾಲ್ತಿಯ ದತ್ತಾಂಶವನ್ನು ಬೇರ್ಪಡಿಸುವ ವ್ಯವಸ್ಥೆಯನ್ನು ತಂದರು. ಸಹಾಯಕದ ಕೈಗೆ ಚಾಲ್ತಿ ದತ್ತಾಂಶದ ಪಾಸ್‌ವರ್ಡ್ ಸಿಗದಿದ್ದಲ್ಲಿ ಅದು ಅಳಿಸುವ ಪ್ರಶ್ನೆಯೇ ಬರುವುದಿಲ್ಲ. ಶಾಲೆಯ ಕೆಲಸಕ್ಕೆ ನೀಡಿದ ಕೀಲಿಯಿಂದ ಚಿಕಿತ್ಸಾಲಯದ ದತ್ತಾಂಶ ತೆರೆಯುವಂತಿರಬಾರದು.

ಇನ್ನೊಂದು ಅಪಾಯವು ಹೊರಗಿನಿಂದ ತರಿಸಿಕೊಳ್ಳುವ ಸಿದ್ಧ ಕೋಡ್‌ಗೆ, ಅಂದರೆ ಪ್ಯಾಕೇಜುಗಳಿಗೆ ಸಂಬಂಧಿಸಿದ್ದು. ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು 16 ಭಾಷಾ ಮಾದರಿಗಳಿಂದ ಪಡೆದ 5,76,000 ಕೋಡ್ ಮಾದರಿಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಅವು ಸೂಚಿಸಿದ ಪ್ಯಾಕೇಜುಗಳಲ್ಲಿ ಶೇ. 19.7ರಷ್ಟು ಅಸ್ತಿತ್ವದಲ್ಲಿಯೇ ಇರಲಿಲ್ಲ. ಇಲ್ಲದ ಹೆಸರನ್ನು ವಂಚಕರು ತಮ್ಮ ಕೋಡ್‌ಗೆ ಇಟ್ಟು ಕಾದಿರಬಹುದು. ಹೊಸ ಪ್ಯಾಕೇಜು ಸೇರಿಸುವುದಕ್ಕೆ ಪಾಲುದಾರರ ಅನುಮತಿ ಕಡ್ಡಾಯವೆಂದು ಇಟ್ಟುಕೊಳ್ಳುವುದು ಸೂಕ್ತ.

ಕನ್ನಡದ ಹೆಸರು, ಕನ್ನಡದ ವಿಳಾಸ

ಈ ಭಾಗವನ್ನು ಘಟಕಗಳು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ. ಎಐ ಸಹಾಯಕಗಳು ಕಲಿತಿರುವ ಕೋಡ್‌ನಲ್ಲಿ ಬಹುಪಾಲು ಇಂಗ್ಲಿಷ್ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದುದು. ಅವು ತಾವಾಗಿಯೇ ಬರೆದುಕೊಳ್ಳುವ ಪರೀಕ್ಷೆಗಳಲ್ಲಿಯೂ ಅಂತಹ ಹೆಸರುಗಳೇ ಇರುತ್ತವೆ. ತತ್ಪರಿಣಾಮವಾಗಿ ಎಲ್ಲ ಪರೀಕ್ಷೆಗಳೂ ಉತ್ತೀರ್ಣವಾದ ತಂತ್ರಾಂಶವು ಬನಶಂಕರಿಯ ಶಾಲೆಯ ಕೌಂಟರಿನಲ್ಲಿ ಮೊದಲ ದಿನವೇ ಎಡವಬಹುದು.

ಲಕ್ಷ್ಮೀನಾರಾಯಣ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಓದುವವರಿಗೆ ಇದು ಆರು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತು, ಗುಣಿತ, ವಿರಾಮ ಚಿಹ್ನೆಗಳನ್ನು ಪ್ರತ್ಯೇಕವಾಗಿ ಎಣಿಸುವುದರಿಂದ ಇದು 13 ಸಂಕೇತಗಳಾಗುತ್ತದೆ; ಸಾಮಾನ್ಯವಾಗಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್‌ಗಳಂತೆ 39 ಬೈಟ್‌ಗಳಾಗುತ್ತವೆ. ಹೆಸರಿಗೆ 30 ಬೈಟ್ ಸಾಕೆಂದು ಒಂದು ಸಹಾಯಕವು ನಿಗದಿಪಡಿಸಿದಲ್ಲಿ ರಸೀತಿಯ ಮೇಲೆ ಮುದ್ರಿತವಾಗುವುದು ‘ಲಕ್ಷ್ಮೀನಾರ’ ಎಂದು. ಅದೇ ಹೆಸರು ಶುಲ್ಕದ ರಸೀತಿಯಿಂದ ಮುಂದೆ ವರ್ಗಾವಣೆ ಪತ್ರಕ್ಕೂ ಅಲ್ಲಿಂದ ಇನ್ನೊಂದು ಅರ್ಜಿಗೂ ಸಾಗಿದರೆ, ಹೆಸರಿನ ವ್ಯತ್ಯಾಸವನ್ನು ಸರಿಪಡಿಸಲು ಅಲೆಯುವವರು ಆ ವಿದ್ಯಾರ್ಥಿಯ ತಂದೆತಾಯಿ. ತಂತ್ರಾಂಶ ಬರೆದವರಿಗೆ ಅದು ಗೊತ್ತೂ ಆಗುವುದಿಲ್ಲ.

ಬೆಂಗಳೂರು ಎಂಬ ಪದದ ಸೊನ್ನೆಯನ್ನು ಅನುಸ್ವಾರವಾಗಿ ಬೆರಳಚ್ಚು ಮಾಡುವವರಿದ್ದಾರೆ. ಅಂಕಿಯ ಸೊನ್ನೆಯಾಗಿ ಮಾಡುವವರೂ ಇದ್ದಾರೆ. ನೋಟಕ್ಕೆ ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಒಂದೇ. ಗಣಕಯಂತ್ರಕ್ಕೆ ಬೇರೆ ಬೇರೆ. ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹೆಸರಿನ ಹಿಂದೆ ಇನಿಷಿಯಲ್ ಮಾತ್ರ ಇರುವ ಅಥವಾ ಒಂದೇ ಹೆಸರಿನ ನಾಗರಿಕರು ನಮ್ಮಲ್ಲಿ ಅಸಂಖ್ಯ. ಅಡ್ಡಹೆಸರು ಕಡ್ಡಾಯವೆಂಬ ನಮೂನೆಯು ಅಂತಹವರ ಅರ್ಜಿಯನ್ನು ಮುಂದಕ್ಕೆ ಹೋಗಗೊಡುವುದಿಲ್ಲ. ಚುಕ್ಕೆಯನ್ನೋ ತಂದೆಯ ಹೆಸರನ್ನೋ ತುಂಬಿ ಮುಂದುವರಿದವರಿಗೆ ಅದೇ ದಾಖಲೆಯಾಗಿ ಉಳಿಯುತ್ತದೆ. ಹೊಸಕೆರೆಹಳ್ಳಿ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಕೆಲವರು ‘ಹೊಸಕೆರೆಹಳ್ಳಿ’ ಎಂದೂ ಕೆಲವರು ‘ಹೊಸ್ಕೆರೆಹಳ್ಳಿ’ ಎಂದೂ ಓದಿಕೊಳ್ಳುವಂತೆ ಬರೆಯುತ್ತಾರೆ. ಅದೇ ಸ್ಥಳದವರು ಬನಶಂಕರಿ 3ನೇ ಹಂತ, 560085 ಎಂದು ಬರೆಯುವುದೂ ಉಂಟು. ಅಪಾರ್ಟ್‌ಮೆಂಟ್ ಯೋಜನೆಯ ಸಹಾಯಕವು ಇವೆಲ್ಲವನ್ನೂ ಒಂದೆಂದು ಪರಿಗಣಿಸಿ, ದಿನಸಿ ಯೋಜನೆಯ ಸಹಾಯಕವು ಬೇರೆ ಬೇರೆಯೆಂದು ಪರಿಗಣಿಸಿದಲ್ಲಿ ಒಂದೇ ಘಟಕದ ಎರಡು ತಂತ್ರಾಂಶಗಳು ಒಂದೇ ಮನೆಗೆ ಎರಡು ಉತ್ತರ ಕೊಡುತ್ತವೆ.

ಪರಿಹಾರ ಸರಳವಾಗಿದೆ. ಇಂತಹ ಐವತ್ತು ಅರವತ್ತು ಕಾಲ್ಪನಿಕ ಹೆಸರು ಮತ್ತು ವಿಳಾಸಗಳ ಪಟ್ಟಿಯೊಂದನ್ನು ಘಟಕದವರು ತಾವೇ ತಯಾರಿಸಿ, ಎಲ್ಲ ಯೋಜನೆಗಳ ಪರೀಕ್ಷೆಗೂ ಅದನ್ನೇ ಬಳಸಬೇಕು. ಪಟ್ಟಿಯನ್ನು ಸಹಾಯಕಗಳು ಬದಲಿಸಲಾಗದ ಜಾಗದಲ್ಲಿ ಇಡಬೇಕು. ಏಕೆಂದರೆ ಪರೀಕ್ಷೆ ಅನುತ್ತೀರ್ಣವಾದಾಗ ಕೋಡ್‌ನ ಬದಲು ಪರೀಕ್ಷೆಯನ್ನೇ ತಿದ್ದಿ ಉತ್ತೀರ್ಣಗೊಳಿಸಿದ ನಿದರ್ಶನಗಳಿವೆ.

ಯಾರು ಮಾಡಿದರು ಎಂಬ ದಾಖಲೆ

ಕರ್ನಾಟಕದಲ್ಲಿ ಈ ವಿಷಯಕ್ಕೆ ಹಳೆಯದೊಂದು ಮೇಲ್ಪಂಕ್ತಿಯಿದೆ. ಕಂದಾಯ ಇಲಾಖೆಯು 2000ದ ದಶಕದ ಆರಂಭದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಜಾರಿಗೆ ತಂದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಭೂ ದಾಖಲೆಗಳನ್ನು ಗಣಕೀಕರಿಸಲಾಯಿತು. ಪಹಣಿ ಪ್ರತಿಯೊಂದಕ್ಕೆ ಆಗ 15 ರೂಪಾಯಿ ಶುಲ್ಕವಿತ್ತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಪಾಡು ಮಾಡಿತ್ತು. ದಾಖಲೆಯನ್ನು ತಿದ್ದುವ ಸಿಬ್ಬಂದಿ ಬೆರಳಚ್ಚು ನೀಡಿ ಒಳಪ್ರವೇಶಿಸಬೇಕಾಗಿತ್ತು. ತಿದ್ದಿದ್ದು ತಾನಲ್ಲವೆಂದು ನಂತರ ಹೇಳುವಂತಿರಲಿಲ್ಲ. ಕೌಂಟರಿನಲ್ಲಿ ರೈತರ ಕಡೆಗೆ ತಿರುಗಿಸಿದ ಎರಡನೆಯ ಪರದೆಯೂ ಇತ್ತು.

ಸಣ್ಣ ಘಟಕಕ್ಕೆ ಬೆರಳಚ್ಚು ಯಂತ್ರದ ಅವಶ್ಯಕತೆಯಿಲ್ಲ. ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಜೊತೆಗೆ ಬರೆದ ಸಹಾಯಕ ಯಾವುದು, ಒಪ್ಪಿದ ವ್ಯಕ್ತಿ ಯಾರು ಎಂಬೆರಡನ್ನೂ ನಮೂದಿಸಿದರೆ ಸಾಕಾಗುತ್ತದೆ. ಬ್ಯಾಂಕುಗಳಲ್ಲಿ ವೋಚರ್ ಬರೆದವರೇ ಅದನ್ನು ಪಾಸು ಮಾಡುವಂತಿಲ್ಲ. ಒಂದು ಸಹಾಯಕ ಬರೆದುದನ್ನು ಇನ್ನೊಂದು ಸಹಾಯಕದಿಂದ ಓದಿಸುವ ಪದ್ಧತಿಯೂ ಇದ್ದು, ಅದರಿಂದ ಕೆಲವು ದೋಷಗಳು ಸಿಗುವುದು ನಿಜ. ಆದರೆ ಅದು ಸಹಿಯ ಸ್ಥಾನವನ್ನು ತುಂಬಲಾರದು: ದಿನಸಿ ವ್ಯಾಪಾರಿಯು ತನ್ನ ಬಿಲ್ಲುಗಳ ಬಗ್ಗೆ ಕೇಳಲು ಬರುವುದು ಪಾಲುದಾರರ ಬಳಿಗೆ.

ದತ್ತಾಂಶ, ಲೆಕ್ಕ ಮತ್ತು ದೂರು

ಗ್ರಾಹಕರು ನೀಡಿದ ನೈಜ ಹೆಸರು, ದೂರವಾಣಿ ಸಂಖ್ಯೆ, ಆಧಾರ್ ಸಂಖ್ಯೆ ಮತ್ತು ಚಿಕಿತ್ಸಾ ವಿವರಗಳನ್ನು ಎಐ ಸಹಾಯಕಗಳಿಗೆ ನೀಡಬಾರದು. ದೋಷ ಹುಡುಕುವ ಆತುರದಲ್ಲಿ ಇಡೀ ಪಟ್ಟಿಯನ್ನು ಅಂಟಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ದತ್ತಾಂಶದ ರಕ್ಷಣೆಗೆ ಸೂಕ್ತ ಕ್ರಮ ಕೈಗೊಳ್ಳದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ. ಅದರಡಿ ಹೊಣೆ ಶಾಲೆ ಅಥವಾ ಚಿಕಿತ್ಸಾಲಯದ್ದೇ ಆಗಿರುವುದರಿಂದ, ಯಾವ ಸಹಾಯಕಗಳನ್ನು ಬಳಸಲಾಗುತ್ತಿದೆ ಎಂಬುದನ್ನು ಘಟಕವು ಅವರೊಂದಿಗಿನ ಕರಾರಿನಲ್ಲಿಯೇ ತಿಳಿಸುವುದು ಒಳಿತು.

ಸಹಾಯಕಗಳ ಚಂದಾ ಮತ್ತು ಬಳಕೆಯ ಶುಲ್ಕವನ್ನು ಒಂದೇ ಖಾತೆಗೆ ಖರ್ಚು ಬರೆಯದೆ ಯೋಜನಾವಾರು ಬರೆಯಬೇಕು. ಶುಲ್ಕವು ಓದಿದ ಮತ್ತು ಬರೆದ ಪಠ್ಯದ ತುಣುಕುಗಳ ಲೆಕ್ಕದಲ್ಲಿರುವೆಡೆ ಕನ್ನಡ ಪಠ್ಯಕ್ಕೆ ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳು ಬೇಕಾಗುವುದು ಸಾಮಾನ್ಯ. ದರ ನಿಗದಿಪಡಿಸುವಾಗ ಇದನ್ನು ಗಮನಿಸಬೇಕು. ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿಯಾದ ಘಟಕಕ್ಕೆ ಬಿಲ್ಲು ವಿದೇಶದಿಂದ ಬಂದಲ್ಲಿ, ರಿವರ್ಸ್ ಚಾರ್ಜ್ ವಿಧಾನದಲ್ಲಿ ಆ ತೆರಿಗೆಯನ್ನು ಘಟಕವೇ ಪಾವತಿಸಬೇಕಾಗುತ್ತದೆ. ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ಘಟಕವಾಗಿ ನೋಂದಾಯಿಸಿಕೊಳ್ಳಲು ಯಾವುದೇ ಶುಲ್ಕವಿರುವುದಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡುವ ಅವಶ್ಯಕತೆಯಿಲ್ಲ.

ಗ್ರಾಹಕರೊಬ್ಬರ ಕೆಲಸ ಮುಗಿದ ದಿನವೇ ಆ ಯೋಜನೆಗೆಂದು ಸಹಾಯಕಗಳಿಗೆ ನೀಡಿದ್ದ ಕೀಲಿಗಳನ್ನು ರದ್ದುಪಡಿಸಿ, ಆ ಫೋಲ್ಡರನ್ನು ಅಳಿಸತಕ್ಕದ್ದು. ದತ್ತಾಂಶ ಸೋರಿಕೆಯಾಗಿದ್ದು ಕಂಡುಬಂದಲ್ಲಿ, 2022ರ ಏಪ್ರಿಲ್ 28ರ ನಿರ್ದೇಶನಗಳಂತೆ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡತಕ್ಕದ್ದು. ಅದರಿಂದ ಯಾರಾದರೂ ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದಾಗಿದೆ.